ದೀಪ ಹಚ್ಚಿದ ಮೇಲೆ ಹೆಪ್ಪು

ನೆರೆಮನೆಯ ಅಳು ಕಿವಿಗೆ ಬಿದ್ದಾಗ ಒಂದು ಊರು ಏನು ಮಾಡುತ್ತದೆ ಎಂಬುದರಿಂದಲೇ ಆ ಊರಿನ ಸಂಸ್ಕೃತಿಯನ್ನು ಅಳೆಯಬೇಕು. ಅಣ್ಣಿಗೇರಿಯ ನಮ್ಮ ಓಣಿಯಲ್ಲಿ ಅಂಥ ಹೊತ್ತಿನಲ್ಲಿ ಟಿವಿಯ ಸಪ್ಪಳ ಹೆಚ್ಚಿಸುವ ಪದ್ಧತಿ ಇತ್ತು. ನಮ್ಮ ಮನೆಯ ಟಿವಿ ಹಳೆಯದು, ಅದರ ಸಪ್ಪಳ ಒಂದು ಮಟ್ಟದ ಮೇಲೆ ಏರುತ್ತಿರಲಿಲ್ಲ. ನಮಗೆ ಎಲ್ಲವೂ ಕೇಳಿಸುತ್ತಿದ್ದುದು ಆ ಕಾರಣಕ್ಕೆ. ನಮ್ಮ ಅಂತಃಕರಣ ದೊಡ್ಡದೆಂದು ಯಾರೂ ತಿಳಿಯಬಾರದು.

ಬಾಜೂ ಮನೆಯವನದು ಬೀಜ ಗೊಬ್ಬರದ ಅಂಗಡಿ. ಅವನಷ್ಟು ಮರ್ಯಾದಸ್ಥ ಓಣಿಯಲ್ಲಿ ಇನ್ನೊಬ್ಬ ಇರಲಿಲ್ಲ. ಎಲ್ಲರಿಗೂ 'ರಿ' ಹಚ್ಚಿಯೇ ಮಾತಾಡುವನು. ದಾರಿಗೆ ಅಡ್ಡ ನಿಂತ ಎಮ್ಮೆಗೆ ಒಮ್ಮೆ "ಸರೀರಿ" ಅಂದದ್ದನ್ನು ನಾನೇ ಕೇಳಿದ್ದೇನೆ. ಹೆಂಡತಿಯನ್ನು ಹೊಡೆಯುವಾಗಲೂ ಅವನು ದನಿ ಏರಿಸುತ್ತಿರಲಿಲ್ಲ. ಗೋಡೆ ದಾಟಿ ಬರುತ್ತಿದ್ದುದು ಆಕೆಯ ದನಿ ಮಾತ್ರ. ಹೀಗಾಗಿ ಜಗಳಗಂಟಿ ಆಕೆಯೇ ಎಂದು ಓಣಿ ತೀರ್ಮಾನಿಸಿತ್ತು. ಓಣಿಯ ತೀರ್ಮಾನಕ್ಕೆ ಮೇಲ್ಮನವಿ ಇರುವುದಿಲ್ಲ.

ನಾನು ಹೇಳಹೊರಟ ಸಂಗತಿಗೆ ಮೂರು ವರ್ಷ ಹಿಂದೆ ಆಕೆ ಒಮ್ಮೆ ಬಿಟ್ಟು ಹೋಗಿದ್ದಳು. ಎರಡು ವರ್ಷದ ಮಗಳನ್ನು ಬಗಲಿಗೆ ಹಾಕಿಕೊಂಡು ತವರೂರು ಯರಗುಪ್ಪಿಗೆ. ಹದಿನೈದು ದಿನ ಬಿಟ್ಟು ಓಣಿಯ ನಾಲ್ವರು ಹಿರಿಯರು ಜೀಪು ಮಾಡಿಕೊಂಡು ಅವನ ಜೊತೆ ಹೋದೆವು. ನಾಲ್ವರಲ್ಲಿ ನಾನೂ ಒಬ್ಬ. ಊಟಕ್ಕೆ ಹೋಳಿಗೆ ಇತ್ತು. ಊಟವಾದ ಮೇಲೆ ಸಂಸಾರದ ಬಗ್ಗೆ ನಾನು ಮಾತಾಡಿದೆ. ತಾಳ್ಮೆ ಎಂಬ ಶಬ್ದ ಹಲವು ಸಲ ಬಂತೆಂದು ನೆನಪು. ಅವನು ವಿಭೂತಿ ಮುಟ್ಟಿ ಆಣೆ ಮಾಡಿದ. ಆಕೆಯ ತಾಯಿ ಮಗಳ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಕುಪ್ಪಸದ ಬಟ್ಟೆ ಹಾಕಿ ಉಡಿ ತುಂಬಿದಳು. ಹೆಣ್ಣುಮಗಳನ್ನು ಬರಿ ಉಡಿಯಲ್ಲಿ ಕಳಿಸುವುದು ನಮ್ಮ ಕಡೆ ಇಲ್ಲ. ಹಿಂದಿರುಗುವಾಗ ಜೀಪಿನಲ್ಲಿ ಆಕೆ ಆ ಉಡಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. "ಅಗದಿ ಛಲೋ ಮಾತಾಡಿದ್ರಿ ನೋಡ್ರಿ" ಎಂದು ಉಳಿದ ಮೂವರು ನನಗೆ ಹೇಳಿದರು. ನನಗೂ ಹಾಗೇ ಅನಿಸಿತ್ತು.

ತಿಂಗಳೊಳಗೆ ಆಕೆಯ ಬಲಗೈ ಭುಜದ ಕೀಲಿನಿಂದ ಕಳಚಿತು. ಬಚ್ಚಲಲ್ಲಿ ಜಾರಿದಳೆಂದು ಅವನು ಹೇಳಿದ. ನಾವು ಹಿರಿಯರು ಕಟ್ಟೆಯ ಮೇಲೆ ಕೂತು ಬಚ್ಚಲಿನ ಪಾಚಿಯ ಬಗ್ಗೆ ಚರ್ಚಿಸಿದೆವು.

ನಾನು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿ ಇಡೀ ನೌಕರಿ ಮುಗಿಸಿದವನು. ನಿವೃತ್ತಿಯ ಮೇಲೆ ಓಣಿಯವರ ಅರ್ಜಿಗಳನ್ನು ಪುಕ್ಕಟೆ ಬರೆದುಕೊಡುವುದು ನನ್ನ ಉದ್ಯೋಗ. ಒಂದು ಮಧ್ಯಾಹ್ನ ಆಕೆ ಬಂದು ಪಡಸಾಲೆಯ ಕಂಬದ ಹತ್ತಿರ ನಿಂತಳು.

"ಕಾಕಾರ, ಒಂದು ಅರ್ಜಿ ಬರದ ಕೊಡ್ತೀರೇನ್ರಿ?"

"ಅದಕ್ಕೇನವ್ವ. ಯಾರಿಗೆ?"

"ಅದ ಗೊತ್ತಿಲ್ರಿ. ನಾ ಸತ್ತರ ಯಾರ ಕಾರಣ ಅಂತ ಬರದ ಇಡಬೇಕಾಗಿತ್ತು. ಮಗಳಿಗೆ ಮುಂದ ಗೊತ್ತಾಗಲಿ ಅಂತ."

ಪೆನ್ನಿನ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದಿದ್ದೆ. ಇಂಥ ಅರ್ಜಿಗೆ ನಮೂನೆ ಯಾವುದು ಎಂದು ನಾನು ನಿಜವಾಗಿಯೂ ಯೋಚಿಸಿದೆ. ನಾಚಿಕೆಯ ಸಂಗತಿಯಾದರೂ ನಡೆದದ್ದು ಹಾಗೆ. ಅಡಿಗೆಮನೆಯಿಂದ ನನ್ನ ಹೆಂಡತಿ ಬಂದಳು, ಕೈಗೆ ರೊಟ್ಟಿಯ ಹಿಟ್ಟು ಹತ್ತಿತ್ತು.

"ಸತ್ತ ಮ್ಯಾಲಿನ ಅರ್ಜಿ ಬರೀಬ್ಯಾಡ್ರಿ ನೀವು," ಅಂದಳು. "ಬದುಕೂದಕ್ಕ ಏನರ ಬರೀರಿ. ನೀ ಕುಂಡ್ರು ಬೇ. ನಿಂತ ಏನ ಮಾತಾಡ್ತಿ."

ಆ ದಿನ ಆಕೆ ಕೂತಳು. ಅವನು ಅಂಗಡಿಯಿಂದ ಬರುವುದಕ್ಕೆ ಎರಡು ತಾಸು ಇತ್ತು. ಆ ಎರಡು ತಾಸಿನಲ್ಲಿ ಕೇಳಿದ್ದನ್ನು ನಾನು ಇಲ್ಲಿ ಬರೆಯುವುದಿಲ್ಲ. ನಾನು ಯರಗುಪ್ಪಿಯಲ್ಲಿ ಮಾಡಿದ ಭಾಷಣ ನಡುನಡುವೆ ನನಗೆ ನೆನಪಾಗುತ್ತಿತ್ತು ಎಂದಷ್ಟೇ ಹೇಳುತ್ತೇನೆ.

ಮರುದಿನ ನಾನು ಒಂದು ಯೋಜನೆ ತಯಾರಿಸಿದೆ. ಮೇಲೆ ವಿಷಯ, ಕೆಳಗೆ ಉಲ್ಲೇಖ, ಆಮೇಲೆ ಒಂದರಿಂದ ಒಂಬತ್ತರವರೆಗೆ ಕಲಮು. ಕೆಂಪು ಶಾಯಿಯಲ್ಲಿ ಅಡಿಗೆರೆ. ಹೆಂಡತಿಗೆ ಓದಿ ಹೇಳಿದೆ. ಆಕೆ ಪೂರ್ತಿ ಕೇಳಿ, "ಛಲೋ ಐತ್ರಿ. ಈಗ ಸುಡ್ರಿ ಅದನ್ನ" ಅಂದಳು.

"ಸುಡೂದ? ಯಾಕ?"

"ಕಾಗದ ಇದ್ದರ ಯಾರರ ಓದತಾರ. ಆಕಿಗೆ ಬಾಯಿಪಾಠ ಆಗಲಿ."

ಕಾಲಾವಧಿ ಮುಗಿಯದ ಕಡತವನ್ನು ನಾಶಪಡಿಸುವುದು ನನ್ನ ಧರ್ಮಕ್ಕೆ ವಿರುದ್ಧವಾದದ್ದು. ಆದರೂ ಅದನ್ನು ಬಚ್ಚಲಿನ ಒಲೆಗೆ ಹಾಕಿದೆ. ಆಮೇಲೆ ಉಳಿದದ್ದು ಮೂವರ ತಲೆಯಲ್ಲಿದ್ದದ್ದು. ನನ್ನ ಒಂಬತ್ತು ಕಲಮುಗಳಲ್ಲಿ ಹೆಂಡತಿ ನಾಲ್ಕನ್ನು ಆಗಲೇ ತಳ್ಳಿಹಾಕಿದ್ದಳು. ತವರಿಗೆ ಹೋಗುವುದು ಎಂದು ನಾನು ಬರೆದಿದ್ದೆ. "ಅವ ಮೊದಲ ಬರೂದ ಅಲ್ಲಿಗೆ. ನೀವ ಜೀಪು ಮಾಡಕೊಂಡ ಹೋಗಿದ್ರೆಲ್ಲ, ದಾರಿ ಗೊತ್ತೈತಿ ಅವಗ," ಅಂದಳು. ಅದನ್ನು ಆಕೆ ಚುಚ್ಚಲು ಅಂದಳೋ ಮಾಹಿತಿಗೆ ಅಂದಳೋ ನಾನು ಕೇಳಲಿಲ್ಲ.

ಎಲ್ಲಿಗೆ ಹೋಗಬೇಕು ಎಂಬುದನ್ನು ಕಂಡುಹಿಡಿದವಳೂ ಹೆಂಡತಿಯೇ. ಬಾಣಂತಿಯರನ್ನು ನೋಡಲು ಓಣಿಗೆ ಬರುವ ಆಶಾ ಕಾರ್ಯಕರ್ತೆಯನ್ನು ಹಿತ್ತಲಲ್ಲಿ ಕೂರಿಸಿಕೊಂಡು, ಚಹಾ ಕೊಟ್ಟು, ಯಾರದೋ ಕಥೆ ಎಂಬಂತೆ ಎಲ್ಲ ವಿಚಾರಿಸಿದಳು. ಇಂಥ ಹೆಣ್ಣುಮಕ್ಕಳು ಮಗುವಿನ ಸಮೇತ ಇರಲಿಕ್ಕೆ ಧಾರವಾಡದಲ್ಲಿ ಒಂದು ಕೇಂದ್ರ ಇದೆ ಎಂದು ತಿಳಿಯಿತು. ಮೊಬೈಲು ಜೊತೆಗೆ ಒಯ್ದರೆ ಎಲ್ಲಿದ್ದಾಳೆಂದು ಅವನಿಗೆ ಅಂಗಡಿಯಲ್ಲಿ ಕೂತೇ ಗೊತ್ತಾಗುತ್ತದೆ, ಅದನ್ನು ಮನೆಯಲ್ಲೇ ಬಿಟ್ಟು ಹೋಗಬೇಕು ಎಂಬುದೂ ತಿಳಿಯಿತು. ಹೊರಡುವುದು ಸೋಮವಾರ ಎಂದು ನಿಶ್ಚಯವಾಯಿತು. ಅವನು ಮಾಲು ತರಲು ಗದಗಿಗೆ ಹೋಗುವ ದಿನ ಅದು. ಅವನ ಬಸ್ಸು ಮೂಡಲಕ್ಕೆ ಹೋದ ಮೇಲೆ ಇವರದು ಪಡುವಲಕ್ಕೆ.

ಅಲ್ಲಿಯವರೆಗೆ ಆಕೆಯ ಕಾಗದಪತ್ರ, ಎರಡು ಜೊತೆ ಬಟ್ಟೆ ನಮ್ಮ ಮನೆಗೆ ಬರಬೇಕಿತ್ತು. ಕೈಚೀಲ ಹಿಡಿದು ಹೊರಬಿದ್ದರೆ ಓಣಿಯ ಏಳು ಕಟ್ಟೆಗಳು ಎಲ್ಲಿಗೆ ಎಂದು ಕೇಳುತ್ತವೆ. ಯಾರೂ ಏನೂ ಕೇಳದ ಸಾಮಾನು ಯಾವುದು? ಹೆಂಡತಿ ತಡಮಾಡದೆ ಹೇಳಿದಳು: ಹೆಪ್ಪಿನ ಡಬ್ಬಿ.

ಮನೆಯ ಮೊಸರೆಲ್ಲ ತೀರಿ, ಕಾಸಿದ ಹಾಲಿಗೆ ಹಾಕಲು ಒಂದು ಚಮಚವೂ ಉಳಿಯದಿದ್ದರೆ ಬಾಜೂ ಮನೆಗೆ ಡಬ್ಬಿ ಹಿಡಿದು ಹೋಗುವುದು ಲೋಕಾರೂಢಿ. ಹಾಗೆ ಆಕೆ ದಿನಾ ಸಂಜೆ ನಾಲ್ಕೂವರೆಗೆ, ಅವನು ಅಂಗಡಿಯಲ್ಲಿರುವಾಗ, ಸ್ಟೀಲಿನ ಡಬ್ಬಿ ಹಿಡಿದು ಬರತೊಡಗಿದಳು. ಬರುವಾಗ ಡಬ್ಬಿಯಲ್ಲಿ ಒಂದು ಕಾಗದ, ಇಲ್ಲವೇ ಮಗಳ ಅಂಗಿ. ಹೋಗುವಾಗ ಹೆಪ್ಪು. ಆಕೆಯ ಹತ್ತನೇತ್ತೆಯ ಅಂಕಪಟ್ಟಿ ಎಂಟು ಮಡಿಕೆಯಾಗಿ ಬಂತು. ಅದನ್ನು ಬಿಡಿಸುವಾಗ ನನಗೆ ಸಂಕಟವಾಯಿತು. ಮನುಷ್ಯರ ಕೀಲು ಕಳಚಿದಾಗ ಆಗದ ಸಂಕಟ ಕಾಗದ ಮಡಿಸಿದಾಗ ಆಗುತ್ತದೆ. ಕಚೇರಿಯ ಸಂಸ್ಕಾರ ಅದು.

ಇದಕ್ಕೆ ಆಕೆ ಮನೆಯ ಮೊಸರನ್ನು ದಿನವೂ ಪೂರ್ತಿ ಖಾಲಿ ಮಾಡಬೇಕಿತ್ತು. ನಾಲ್ಕನೆಯ ದಿನ ಆಕೆಯ ಕೆನ್ನೆ ಬಾತಿತ್ತು. ಹೆಂಡತಿ ಏನಾಯಿತು ಎಂದು ಕೇಳಿದಳು.

"ಹೆಪ್ಪು ಉಳಸಾಕೂ ಬರೂದಿಲ್ಲೇನು ನಿನಗ ಅಂದ್ರು," ಅಂದಳು ಆಕೆ. "ಇರಲಿ ತಗೋರಿ ಕಾಕಿ. ಬ್ಯಾರೆ ಕಾರಣಕ್ಕ ಬೀಳೂದು ಇದಕ್ಕರ ಬಿತ್ತು."

ಎಲ್ಲ ಮೂಲ ಪ್ರತಿಗಳೇ ಬೇಕು ಎಂದು ನಾನು ಪಟ್ಟು ಹಿಡಿದಿದ್ದೆ. "ಝೆರಾಕ್ಸ್ ಸಾಲೂದಿಲ್ಲೇನ್ರಿ?" ಎಂದು ಹೆಂಡತಿ ಕೇಳಿದ್ದಳು. ಝೆರಾಕ್ಸಿನ ಕಾನೂನುಬದ್ಧ ಅಲ್ಪತ್ವದ ಬಗ್ಗೆ ನಾನು ಆಕೆಗೆ ದೀರ್ಘವಾಗಿ ತಿಳಿಸಿದೆ. ಮಗಳ ಜನನ ಪ್ರಮಾಣಪತ್ರವೂ ಮೂಲವೇ ಬಂತು. ಅದನ್ನು ಮುಂದೆ ನೆನಪಿಡಬೇಕು.

ಅಪಾಯ ಬಂದರೆ ಏನು ಮಾಡಬೇಕು ಎಂಬ ಕಲಮು ಮಾತ್ರ ಪೂರ್ತಿ ನನ್ನದು. ನಮ್ಮ ಕಡೆ ದೀಪ ಹಚ್ಚಿದ ಮೇಲೆ ಹೆಪ್ಪು ಕೊಡುವುದಿಲ್ಲ. ಉಪ್ಪು, ಸೂಜಿ ಸಹ ಇಲ್ಲ. ಕೊಟ್ಟರೆ ಲಕ್ಷ್ಮಿ ಹೋಗುತ್ತಾಳೆ. ಆದ್ದರಿಂದ ಆ ಹೊತ್ತಿನಲ್ಲಿ ಯಾರೂ ಕೇಳುವುದೂ ಇಲ್ಲ. ಹಾಗಿದ್ದ ಮೇಲೆ, ದೀಪ ಹಚ್ಚಿದ ಮೇಲೆ ಆಕೆ ಬಂದು ಹೆಪ್ಪು ಕೇಳಿದಳೆಂದರೆ ಅದು ಹೆಪ್ಪಿಗಲ್ಲ, ಪ್ರಾಣಕ್ಕೆ. ಒಡನೆ ಒಳಗೆ ಎಳೆದುಕೊಂಡು, ಬಾಗಿಲ ಅಗಳಿ ಹಾಕಿ, ಪೊಲೀಸರಿಗೆ ಫೋನು ಮಾಡಬೇಕು. ಅವನ ಎದುರಿಗೇ ಹೇಳಬಹುದಾದ, ಅವನಿಗೆ ತಿಳಿಯದ, ನಮಗೆ ತಪ್ಪದೆ ತಿಳಿಯುವ ಮಾತು. ನನ್ನ ಇಡೀ ನೌಕರಿಯಲ್ಲಿ ಇಷ್ಟು ನಿರ್ದುಷ್ಟವಾದ ಆದೇಶವನ್ನು ನಾನು ಬರೆದಿರಲಿಲ್ಲ. ಮೂವರೂ ಎರಡೆರಡು ಸಲ ಹೇಳಿ ಒಪ್ಪಿಸಿದೆವು.

ಸೋಮವಾರಕ್ಕೆ ಮೂರು ದಿನ ಇತ್ತು. ಶುಕ್ರವಾರ ಸಂಜೆ. ನಾನು ಸ್ನಾನ ಮಾಡಿ, ದೇವರ ಮುಂದೆ ದೀಪ ಹಚ್ಚಿ, ಹೊಸ್ತಿಲಿಗೆ ಬೆಳಗಲು ಊದುಬತ್ತಿ ಹಿಡಿದು ಬಾಗಿಲಿಗೆ ಬಂದೆ. ಹೆಂಡತಿ ಹಿತ್ತಲಲ್ಲಿ ಆಕಳು ಹಿಂಡುತ್ತಿದ್ದಳು. ಮೆಟ್ಟಿಲ ಕೆಳಗೆ ಆಕೆ ನಿಂತಿದ್ದಳು. ಕೈಯಲ್ಲಿ ಡಬ್ಬಿ.

"ಕಾಕಾರ, ಚೂರು ಹೆಪ್ಪು ಬೇಕಾಗಿತ್ರಿ."

"ದೀಪ ಹಚ್ಚೇವಲ್ಲ ತಂಗಿ," ಅಂದೆ. "ಈಗ ಹೆಪ್ಪು ಕೊಡಂಗಿಲ್ಲ. ನಾಳೆ ಮುಂಜಾನೆ ಬಾ."

ಎಪ್ಪತ್ತು ವರ್ಷದ ನಾಲಿಗೆ ಅದು. ನನ್ನ ಅವ್ವ, ಅವಳ ಅವ್ವ ಇದೇ ಹೊಸ್ತಿಲಲ್ಲಿ ಹೇಳಿದ ಮಾತು ನನ್ನನ್ನು ಕೇಳದೆಯೇ ಹೊರಬಂತು. ಆಕೆ ನನ್ನ ಮುಖ ನೋಡಿದಳು. ಅವನು ಹಿಂದೆ ತನ್ನ ಬಾಗಿಲಲ್ಲಿ, ಹೆಗಲಿಗೆ ಟವೆಲು ಹಾಕಿಕೊಂಡು ನಿಂತಿದ್ದ. ಆಕೆ ಇನ್ನೊಮ್ಮೆ ಕೇಳುವ ಹಾಗಿರಲಿಲ್ಲ. ಆಕೆಯೂ ಅದೇ ನೀರು ಕುಡಿದು ಬೆಳೆದವಳು. ಹೊತ್ತಲ್ಲದ ಹೊತ್ತಿನಲ್ಲಿ ಕೇಳಿ ಸಿಕ್ಕಿಬಿದ್ದ ಸೊಸೆಯ ಹಾಗೆ ತಲೆ ತಗ್ಗಿಸಿದಳು.

"ಹೌದ್ರಿ ಕಾಕಾರ. ಮರತಿದ್ದೆ."

"ನಾ ಹೇಳಿದ್ದೆ ನೋಡ್ರಿ ಕಾಕಾರ, ಈ ಹೊತ್ತಿನ್ಯಾಗ ಕೊಡಂಗಿಲ್ಲಂತ," ಎಂದು ಅವನು ಅಲ್ಲಿಂದಲೇ ನಕ್ಕ. "ಕೇಳವಲ್ಲಳು."

ನಾನೂ ನಕ್ಕೆ. ಆಕೆ ಒಳಗೆ ಹೋದಳು, ಬಾಗಿಲು ಮುಚ್ಚಿತು. ನಾನು ಹೊಸ್ತಿಲಿಗೆ ಊದುಬತ್ತಿ ಬೆಳಗಿ, ತುಳಸಿಗೆ ಬೆಳಗಿ, ಒಳಗೆ ಬಂದು ಅದನ್ನು ಬಾಳೆಹಣ್ಣಿಗೆ ಚುಚ್ಚಿದೆ. ಕೂತು ಕನ್ನಡಕ ಒರೆಸಿಕೊಂಡೆ. ಊದುಬತ್ತಿ ಎರಡು ಬೆರಳಿನಷ್ಟು ಉರಿದಿತ್ತು.

ಹೆಂಡತಿ ಹಾಲಿನ ತಂಬಿಗೆ ಹಿಡಿದು ಬಂದಳು. "ಯಾರ ಜೋಡಿ ಮಾತಾಡಿದ್ರಿ?"

"ಬಾಜೂ ಮನಿಯಾಕಿ. ದೀಪ ಹಚ್ಚಿದ ಮ್ಯಾಲೆ ಬಂದು ಹೆಪ್ಪು—"

ವಾಕ್ಯವನ್ನು ನಾನು ಮುಗಿಸಲಿಲ್ಲ. ಈವರೆಗೂ ಮುಗಿಸಿಲ್ಲ.

"ಏನಂದ್ರಿ ಆಕಿಗೆ?"

ಹೇಳಿದೆ. ಹೆಂಡತಿ ಬಯ್ಯಲಿಲ್ಲ. ತಂಬಿಗೆಯನ್ನು ಕೆಳಗಿಟ್ಟಳು. ಗೋಡೆಯಾಚೆ ಟಿವಿಯ ಸಪ್ಪಳ ಏರಿತು. ಈ ಸಲ ಅದು ಓಣಿಯವರದಲ್ಲ, ಅವನದೇ.

"ಫೋನ ಹಚ್ರಿ ಪೊಲೀಸರಿಗೆ," ಎಂದು ಹೇಳಿ, ಕುಂಕುಮದ ಭರಣಿಯನ್ನು ಒಂದು ತಾಟಿನಲ್ಲಿಟ್ಟುಕೊಂಡು ಹೊರಟಳು. ಕುಂಕುಮ ಯಾಕೆ ಎಂದು ನನಗೆ ಹೊಳೆಯಲಿಲ್ಲ. ಫೋನಿನಲ್ಲಿ ವಿಳಾಸ ಹೇಳಿ ಮುಗಿಸಿ ನಾನು ಓಡಿ ಬರುವಷ್ಟರಲ್ಲಿ ಹೆಂಡತಿ ಬಾಗಿಲು ಬಡಿದು, ಅವನು ತೆರೆದಾಗಿತ್ತು.

"ಬರ್ರಿ ಕಾಕಿ, ಬರ್ರಿ. ಚಾ ಕುಡೀರಿ."

"ಚಾ ಒಲ್ಲೆಪಾ. ಇವತ್ತ ಶುಕ್ರವಾರ. ಐದು ಮಂದಿ ಮುತ್ತೈದೇರಿಗೆ ಉಡಿ ತುಂಬತೇನಂತ ಬೇಡಿಕೊಂಡಿದ್ದೆ. ನಾಲ್ಕು ಮಂದಿ ಬಂದು ಕುಂತಾರ. ಐದನೇದಾಕಿ ನಿನ್ನ ಹೇಂತಿ. ಕಳಸು."

ನಮ್ಮ ಮನೆಯಲ್ಲಿ ಆಗ ಕೂತಿದ್ದದ್ದು ಆಕಳ ಕರು ಒಂದೇ.

"ಆಕಿಗೆ ಆರಾಮಿಲ್ರಿ. ನಾಳೆ ಬರ್ತಾಳ್ರಿ."

"ನಾಳೆ ಶನಿವಾರಪಾ." ಹೆಂಡತಿ ದನಿ ಏರಿಸಿದಳು. ಎದುರಿನ ಎರಡು ಬಾಗಿಲು ತೆರೆದವು. "ಮುತ್ತೈದಿ ಉಡಿ ಒಲ್ಲೆ ಅಂದ್ರ ಯಾರ ಆಯುಷ್ಯಕ್ಕ ಛಲೋ ಅಲ್ಲ ಅನ್ನೂದು ನಿನಗ ನಾ ಹೇಳಬೇಕೇನು? ಐದು ಮಿನಿಟಿನ ಕೆಲಸ. ಸಣ್ಣಾಕೀನೂ ಕರಕೊಂಡು ಬರಲಿ."

ಅವನು ಓಣಿಯನ್ನು ನೋಡಿದ, ಕುಂಕುಮವನ್ನು ನೋಡಿದ. ಹೆಂಡತಿಯ ಪ್ರಾಣದ ಬಗ್ಗೆ ಇಲ್ಲದ ಭಯ ಅವನಿಗೆ ತನ್ನದರ ಬಗ್ಗೆ ಇತ್ತು. "ಲಗೂನ ಬರಬೇಕು," ಎಂದು ಒಳಗೆ ತಿರುಗಿ ಹೇಳಿದ.

ಆಕೆ ಮಗಳನ್ನು ಮುಂದೆ ಮಾಡಿಕೊಂಡು ಹೊರಬಂದಳು. ಎಡಗೈ ಸೆರಗಿನಲ್ಲಿ ಸುತ್ತಿತ್ತು, ಸೆರಗು ತೊಯ್ದಿತ್ತು. ನಡೆದದ್ದು ಆಮೇಲೆ ತಿಳಿಯಿತು. ಮಗಳ ಶಾಲೆಯಿಂದ ಜನನ ಪ್ರಮಾಣಪತ್ರ ಕೇಳಿದ್ದರು. ಅವನು ಟ್ರಂಕು ತೆಗೆದು ನೋಡಿದ, ಇರಲಿಲ್ಲ. ಹುಡುಕಿಕೊಡು ಎಂದು ಮೆಲ್ಲಗೆ ಹೇಳಿದ್ದ. ಹೆಪ್ಪು ತರುತ್ತೇನೆ ಎಂದ ಆಕೆಗೆ ಈ ಹೊತ್ತಿನಲ್ಲಿ ಕೊಡುವುದಿಲ್ಲ ಎಂದು ಹೇಳಿ ಅವನು ಕೈಕಾಲು ತೊಳೆಯಲು ಹೋದಾಗ, ಆಕೆ ಡಬ್ಬಿ ಹಿಡಿದು ನಮ್ಮ ಬಾಗಿಲಿಗೆ ಬಂದಿದ್ದಳು. ಹಿಂದಿರುಗಿದ ಮೇಲೆ ಮತ್ತೆ ಹುಡುಕಲು ಹೇಳಿದ. ಆಕೆ ಟ್ರಂಕಿನೊಳಗೆ ಕೈ ಹಾಕಿ ಹುಡುಕುತ್ತಿದ್ದಾಗ ಮುಚ್ಚಳ ಹಾಕಿ ಅದರ ಮೇಲೆ ಕೂತ.

ಆಕೆ ನಮ್ಮ ಮನೆಯೊಳಗೆ ಬಂದೊಡನೆ ಬಾಗಿಲಿಗೆ ಅಗಳಿ ಬಿತ್ತು. ಆಕೆ ನನ್ನನ್ನು ನೋಡಿ ಅಂದ ಮೊದಲ ಮಾತು, "ಹೊತ್ತಲ್ಲದ ಹೊತ್ತಿಗೆ ಬಂದೆನ್ರಿ ಕಾಕಾರ, ನಂದ ತಪ್ಪಾತು."

ತಾಳ್ಮೆಯ ಮೇಲೆ ಅಷ್ಟು ಮಾತಾಡಿದ ನಾನು ನೀರಿನ ತಂಬಿಗೆ ತಂದು ಆಕೆಯ ಮುಂದೆ ಇಟ್ಟೆ.

"ಉಡಿ ಎಲ್ಲೈತ್ರಿ ಅಜ್ಜಿ?" ಎಂದು ಮಗಳು ಕೇಳಿದಳು. ಹೆಂಡತಿ ತಾಯಿಯ ಕೈಗೆ ಹಸಿ ಬಟ್ಟೆ ಕಟ್ಟಿ, ಡಬ್ಬಿಯಲ್ಲಿ ಬಂದ ಕಾಗದ, ಬಟ್ಟೆಯ ಗಂಟನ್ನು ಅಟ್ಟದಿಂದ ಇಳಿಸಿದಳು. ದೇವರ ಹೆಸರು ಹೇಳಿ ಕರೆತಂದ ಮೇಲೆ ಸುಳ್ಳಾಗಬಾರದೆಂದು ಆಕೆಯ ಸೆರಗಿಗೆ ಒಂದು ಹಿಡಿ ಅಕ್ಕಿ, ಒಂದು ಕೊಬ್ಬರಿ ಬಟ್ಟಲು ಹಾಕಿದಳು. ಅವುಗಳ ಮೇಲೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಕಾಗದಗಳು. ಆಕೆ ಒಂದೇ ಕೈಯಲ್ಲಿ ಸೆರಗು ಹಿಡಿದಿದ್ದಳು, ಇನ್ನೊಂದು ತುದಿಯನ್ನು ಮಗಳು ಹಿಡಿದಳು.

ಆಗ ಬಾಗಿಲು ಬಡಿದ ಸಪ್ಪಳ.

"ಕಾಕಾರ, ಆತೇನ್ರಿ?"

ಹೆಂಡತಿ ಉಡಿಯ ಗಂಟು ಬಿಗಿದಳು.

"ಕಾಕಾರ, ಹೊತ್ತಾತ್ರಿ. ಕಳಸ್ರಿ."

ಮೂರನೆಯ ಸಲವೂ 'ರಿ' ಇತ್ತು. ನಾಲ್ಕನೆಯ ಸಲ ಇರಲಿಲ್ಲ.

"ಏ ಮುದುಕಾ! ತಗೀಲೇ ಬಾಗಲಾ! ಇಬ್ಬರ್ನೂ ಇಲ್ಲೇ ಕಡದ ಹಾಕತೇನಿ!"

ಓಣಿ ಆ ದನಿಯನ್ನು ಕೇಳಿದ್ದು ಅದೇ ಮೊದಲು. ಅವನು ಕಲ್ಲು ತೆಗೆದುಕೊಂಡು ಬಾಗಿಲಿಗೆ ಕುಟ್ಟತೊಡಗಿದ. ಒಂದು ಮನೆಯ ಟಿವಿ ನಿಂತಿತು. ಆಮೇಲೆ ಇನ್ನೊಂದು, ಆಮೇಲೆ ಎದುರಿನದು. ಯಾರೂ ಅವನನ್ನು ಹಿಡಿಯಲಿಲ್ಲ. ಅಷ್ಟರ ಮಟ್ಟಿಗಿನ ಕ್ರಾಂತಿಯನ್ನು ನಮ್ಮ ಓಣಿಯಿಂದ ನಿರೀಕ್ಷಿಸಬಾರದು. ಆದರೆ ಎಲ್ಲರೂ ಕೇಳಿದರು. ಮುಂದೆ ಅವರಲ್ಲಿ ಇಬ್ಬರು ಹೇಳಿಕೆಯನ್ನೂ ಕೊಟ್ಟರು. ಅದರಲ್ಲಿ ಒಬ್ಬರು ನನ್ನ ಜೊತೆ ಯರಗುಪ್ಪಿಗೆ ಜೀಪಿನಲ್ಲಿ ಬಂದವರು.

ಪೊಲೀಸರ ಗಾಡಿ ಬರುವ ಹೊತ್ತಿಗೆ ಬಾಗಿಲಿನ ಮೇಲಿನ ಹಲಗೆ ಸೀಳಿತ್ತು. ಗಾಡಿಯ ದೀಪ ಕಂಡೊಡನೆ ಅವನು ಕಲ್ಲು ಕೆಳಗಿಟ್ಟು, ಟವೆಲು ಸರಿಮಾಡಿಕೊಂಡು, "ಬರ್ರಿ ಸಾಹೇಬ್ರ" ಅಂದನಂತೆ.

ಆಕೆ ಮತ್ತು ಮಗಳು ಮೊದಲು ಆಸ್ಪತ್ರೆಗೆ, ಅಲ್ಲಿಂದ ಧಾರವಾಡದ ಕೇಂದ್ರಕ್ಕೆ ಹೋದರು. ಸೋಮವಾರಕ್ಕಲ್ಲ, ಶುಕ್ರವಾರಕ್ಕೇ. ನನ್ನ ಹೆಂಡತಿ ಈಗ ದೀಪ ಹಚ್ಚಿದ ಮೇಲೂ ಯಾರು ಕೇಳಿದರೂ ಹೆಪ್ಪು ಕೊಡುತ್ತಾಳೆ. ಮೊದಲು ಒಳಗೆ ಕರೆದು ಕೂರಿಸಿ, ಆಮೇಲೆ ಕೊಡುತ್ತಾಳೆ. ಬಾಜೂ ಮನೆಗೆ ಬೀಗ ಇದೆ. ಅವನ ಮೇಲೆ ಕೇಸು ನಡೆಯುತ್ತಿದೆ. ಆಕೆ ಧಾರವಾಡದಲ್ಲಿ ಒಂದು ಹಾಸ್ಟೆಲಿನ ಅಡಿಗೆ ಕೆಲಸ ಮಾಡುತ್ತಾಳೆ, ಮಗಳು ಒಂದನೇತ್ತೆ. ತಾಯಿಯ ಎಡಗೈಯ ಎರಡು ಬೆರಳು ಮಡಚುವುದಿಲ್ಲ.